ಅಮಾವಾಸ್ಯೆಯ ದಿನ ಇಳಿದ ವಿಮಾನ

"ರೀ... ನಿಲ್ಲಿಸ್ರೀ! ಅದು ಕಸ ಅಲ್ಲ, ನಮ್ಮಜ್ಜಿ ಹುರುಳಿ!"

ಸ್ಕೂಟಿಗೆ ಸ್ಟ್ಯಾಂಡ್ ಹಾಕುವಷ್ಟೂ ತಾಳ್ಮೆ ಇರಲಿಲ್ಲ ಸ್ಪಂದನಳಿಗೆ. ಗಾಡಿಯನ್ನು ಬೇಲಿಗೆ ಒರಗಿಸಿ ಓಡಿದಳು. ಎರಡೂ ಕೈ ಅಗಲಿಸಿ ಟ್ರಾಕ್ಟರಿನ ಮುಂದೆ ನಿಂತೇಬಿಟ್ಟಳು!

ಟ್ರಾಕ್ಟರು ಗಕ್ಕನೆ ನಿಂತಿತು.

"ಸಾಯಕೆ ಬಂದಿದ್ದೀಯೇನವ್ವಾ?" ಮೇಲಿಂದ ಕೂಗಿದವನು ಪುಟ್ಟರಾಜು, ಅವಳ ಊರಿನವನೇ. "ನಂದೇನೂ ತಪ್ಪಿಲ್ಲ ಕಣವ್ವ. ಮೇಷ್ಟ್ರು ಎಲ್ಲಾ ಒತ್ತರಿಸು ಅಂದ್ರು, ಒತ್ತರಿಸ್ದೆ."

"ಯಾವ ಮೇಷ್ಟ್ರು?"

ಧೂಳಿನೊಳಗಿಂದ ಒಬ್ಬ ಯುವಕ ಬಂದ. ಕೈಯಲ್ಲಿ ಉದ್ದನೆಯ ಪೊರಕೆ. ಹುಬ್ಬು, ಮೀಸೆ, ತಲೆಗೂದಲೆಲ್ಲ ಧೂಳು. ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗಿದ್ದ. ಕಣ್ಣುಗಳು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದವು.

ಅಯ್ಯೋ, ಇವನ ಕಣ್ಣು ಯಾಕೆ ನೋಡ್ತಿದ್ದೀನಿ? ಜಗಳಕ್ಕಲ್ವಾ ಬಂದಿದ್ದು!

"ನಾನೇ, ಚೈತನ್ಯ ಅಂತ. ಪಾಂಡವಪುರದಲ್ಲಿ ಹೈಸ್ಕೂಲ್ ಮೇಷ್ಟ್ರು," ಎಂದ ಅವನು. "ಇದು ರನ್‌ವೇ ಅಲ್ವಾ... ಒಣಹುಲ್ಲು ಬಿದ್ದಿದೆ ಅಂದ್ಕೊಂಡೆ."

"ನಿಮಗೆ ರನ್‌ವೇ. ನಮಗೆ ಕಣ! ನಮ್ಮ ತಾತನ ಕಾಲದಿಂದ ಹುರುಳಿ ಒಣಗಿಸೋದೂ ಇಲ್ಲೇ, ಒಕ್ಕೋದೂ ಇಲ್ಲೇ. ಈಗ ಮಣ್ಣು, ಜಲ್ಲಿ, ಹುರುಳಿ ಎಲ್ಲ ಒಂದೇ ಗುಡ್ಡೆ ಮಾಡಿದ್ದೀರಲ್ಲ, ಯಾರು ಆರಿಸ್ತಾರೆ?"

ಬೈಯಬೇಕಾದ್ದು ಇನ್ನೂ ಬೇಕಾದಷ್ಟಿತ್ತು. ಆದರೆ ಅವನು ವಾದಕ್ಕೇ ಬರಲಿಲ್ಲ! ಪೊರಕೆ ಕೆಳಗಿಟ್ಟು ಅಲ್ಲೇ ಮಂಡಿಯೂರಿ ಕೂತ. ಒಂದು ಹಿಡಿ ಬಾಚಿಕೊಂಡು ಊದಿದ. ಕಲ್ಲು ಬೇರೆ, ಕಾಳು ಬೇರೆ ಮಾಡತೊಡಗಿದ.

"ನಾನು ಆರಿಸ್ತೀನಿ. ನನ್ನ ತಪ್ಪಲ್ವಾ..."

ಸ್ಪಂದನ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ತಾನೂ ಎದುರಿಗೆ ಕೂತಳು. ಅವನು ಆರಿಸುತ್ತಿದ್ದ ರೀತಿ ನೋಡಿದರೆ ಸಂಕ್ರಾಂತಿ ಬಂದರೂ ಮುಗಿಯುವಂತಿರಲಿಲ್ಲ.

"ಮೊರ ಇಲ್ಲದೆ ಆಗಲ್ಲ ಮೇಷ್ಟ್ರೇ," ಎಂದಳು ಕೊನೆಗೆ. "ಮನೆಗೆ ಬನ್ನಿ. ಕಾಯ್ತಾ ಇರೋದು ನಮ್ಮಜ್ಜಿ. ನನ್ನ ಹಾಗೆ ಮೆತ್ತಗೆ ಬೈಯಲ್ಲ ಅವಳು."

ಪಾಂಡವಪುರದಿಂದ ನಾಗಮಂಗಲಕ್ಕೆ ಹೋಗುವಾಗ, ಮೇಲುಕೋಟೆಯ ಬೆಟ್ಟ ಎಡಗಡೆಗೆ ಕಂಡೂ ಕಾಣದ ಹಾಗಿರುವಲ್ಲಿ ಆಚಾರಿಕೊಪ್ಪಲು ಸಿಗುತ್ತದೆ. ಊರಾಚೆ ಒಂದು ಪುಟ್ಟ ವಿಮಾನ ನಿಲ್ದಾಣ. ಹಿಂದೆ ಕಬ್ಬಿಗೆ ಔಷಧಿ ಸಿಂಪಡಿಸುವ ವಿಮಾನಗಳು ಇಲ್ಲಿ ಇಳಿಯುತ್ತಿದ್ದವಂತೆ. ಆಮೇಲೆ ಯಾವ ವಿಮಾನವೂ ಬರಲಿಲ್ಲ. ಊರವರಿಗೆ ಅದು 'ಇಮಾನದ ಬಯಲು' ಆಗಿ ಉಳಿಯಿತು. ಹುರುಳಿ ಒಕ್ಕುವುದು ಅಲ್ಲಿ, ಹುಡುಗಿಯರು ಸ್ಕೂಟಿ ಕಲಿಯುವುದೂ ಅಲ್ಲಿ.

ಸ್ಪಂದನ ಸ್ಕೂಟಿ ಕಲಿತದ್ದೂ ಅಲ್ಲೇ. ಬಿದ್ದ ಗುರುತು ಇನ್ನೂ ಮೊಣಕಾಲಿನಲ್ಲಿದೆ!

ಈಗ ಆ ಬಯಲನ್ನು ಜಲ್ಲಿ ದಾಸ್ತಾನಿಗೆ ಕೊಡುವ ಮಾತು ನಡೆದಿತ್ತು. ಅದನ್ನು ಕೇಳಿ ನಿದ್ದೆಗೆಟ್ಟವನು ಹತ್ತಿರದ ಹಳ್ಳಿಯ ರೈತರ ಮನೆಯ ಈ ಚೈತನ್ಯ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಒಮ್ಮೆ ಪುಟ್ಟ ವಿಮಾನ ಹತ್ತಿದ್ದನಂತೆ. ಇಳಿದ ಮೇಲೂ ಮನಸ್ಸು ಮಾತ್ರ ಮೇಲೆಯೇ ಉಳಿದುಬಿಟ್ಟಿತ್ತು. ಸುತ್ತಮುತ್ತ ಪರಿಚಯವಿದ್ದವರನ್ನೆಲ್ಲ ಕಾಡಿ ಬೇಡಿ ಒಂದು ಗುಂಪು ಕಟ್ಟಿದ. ಶ್ರೀರಂಗಪಟ್ಟಣದಿಂದ ಬಂದವರು ಮುಳ್ಳುಪೊದೆ ಕಡಿದರು. ಕೆ.ಆರ್. ಪೇಟೆಯವರು ಬಿರುಕಿಗೆಲ್ಲ ಸಿಮೆಂಟು ತುಂಬಿದರು. ಯಾರಿಗೂ ಕೂಲಿಯಿಲ್ಲ. ಭಾನುವಾರ ಬೆಳಗ್ಗೆ ಬಂದರೆ ಚಿತ್ರಾನ್ನ, ಸಂಜೆ ಹೋಗುವಾಗ ಸೊಂಟನೋವು.

ಅವರೆಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ದ್ಯಾವಯ್ಯ. ಹಿಂದೆ ವಿಮಾನ ಇಳಿಯುವಾಗ ದನ ಓಡಿಸುವ ಕೆಲಸ ಅವನದಾಗಿತ್ತು. ಈಗ ಕೆಲಸವೂ ಇಲ್ಲ, ಹಲ್ಲೂ ಇಲ್ಲ. ಆದರೂ ದಿನವೂ ಕೋಲು ಹಿಡಿದು ಬಯಲಿಗೆ ಬರುವುದನ್ನು ಬಿಟ್ಟಿರಲಿಲ್ಲ.

ಆ ದಿನ ಚೈತನ್ಯ ಹುರುಳಿಯ ಮೂಟೆ ಹೊತ್ತು ಸ್ಪಂದನಳ ಮನೆಗೆ ಬಂದ.

ಅಜ್ಜಿ ಮೂಗಮ್ಮ ಮೊರ ಕೈಗೆ ಕೊಟ್ಟು ಅವನ ಅವಸ್ಥೆ ನೋಡಿ ನಕ್ಕಿದ್ದೇ ನಕ್ಕಿದ್ದು. "ಇಂಗಾ ಕೇರದು? ಉಳ್ಳಿ ಎಲ್ಲಾ ನೆಲಕ್ಕೆ, ಒಟ್ಟೆಲ್ಲಾ ನಿನ್ ತಲೆಗೆ! ನಿಮ್ಮವ್ವ ಏನೂ ಕಲಿಸ್ನಿಲ್ವಾ ಮಗಾ?"

"ಪಾಠ ಹೇಳೋದು ಕಲಿಸಿದಾರಜ್ಜಿ."

"ಅದ್ನ ಯಾರ್ ಬೇಕಾದ್ರೂ ಯೋಳ್ತಾರೆ ಬುಡು."

ಮನೆಗೆ ಅಂಟಿಕೊಂಡೇ ಕುಲುಮೆ. ಸ್ಪಂದನಳ ಅಪ್ಪ ರಾಮಚಂದ್ರಾಚಾರಿ ಅಲ್ಲಿ ಕುಡುಗೋಲು ಹದ ಮಾಡುತ್ತಿದ್ದರೆ, ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಯಂತ್ರ. ಅದು ಮಗಳ ರಾಜ್ಯ. ಕೆ.ಆರ್. ಪೇಟೆಯಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು, ಸುತ್ತಲಿನ ಗೇಟು, ಗ್ರಿಲ್ಲು, ಟ್ರೇಲರು ಎಲ್ಲವನ್ನೂ ಬೆಸೆದುಕೊಡುತ್ತಿದ್ದಳು.

ಅದನ್ನು ನೋಡಿದ ಚೈತನ್ಯನ ಕಣ್ಣು ಅರಳಿತು.

"ಒಂದು ಗಾಳಿಚೀಲದ ಕಂಬ ಮಾಡಿಕೊಡ್ತೀರಾ?"

"ಗಾಳಿಚೀಲನಾ?"

"ದೊಡ್ಡ ಬಟ್ಟೆ ಚೀಲ. ಕಂಬದ ತುದೀಲಿ ಒಂದು ಕಬ್ಬಿಣದ ಬಳೆ, ಅದಕ್ಕೆ ಚೀಲ ಕಟ್ಟೋದು. ಗಾಳಿ ಬೀಸಿದ ಕಡೆಗೆ ತಿರುಗಬೇಕು. ಅದನ್ನ ನೋಡಿಯೇ ವಿಮಾನ ಯಾವ ಕಡೆಯಿಂದ ಇಳಿಯೋದು ಅಂತ ತೀರ್ಮಾನ ಮಾಡ್ತಾರೆ. ಅದಿಲ್ಲದಿದ್ರೆ ನಾವು ಎಷ್ಟು ಗುಡಿಸಿದ್ರೂ ಯಾರೂ ಇಳಿಯಲ್ಲ."

ರಾಮಚಂದ್ರಾಚಾರಿ ಕುಲುಮೆಯಿಂದ ತಲೆಯೆತ್ತದೆ ಅಂದರು. "ಅವ್ಳನ್ನೇ ಕೇಳು. ಮಾಡಾಳು."

ಹಾಗೆ ಶುರುವಾಯಿತು ನೋಡಿ!

ಪೈಪು ತರಬೇಕಿತ್ತು. "ನಾಳೆನೇ ತಂದುಬಿಡಿ," ಎಂದಳು ಅವಳು.

"ನಾಳೆ ಸೋಮವಾರ. ಸೋಮವಾರ ನಮ್ಮನೇಲಿ ಎತ್ತು ಕಟ್ಟಲ್ಲ, ಅಮ್ಮ ಬಿಡಲ್ಲ. ಮಂಗಳವಾರ ಸ್ಕೂಲ್ ಮುಗಿಸಿಕೊಂಡು ಗಾಡೀಲಿ ತರ್ತೀನಿ."

ಮಂಗಳವಾರಕ್ಕೆ ಕಾಯುವುದು ಅಷ್ಟು ಕಷ್ಟ ಎಂದು ಸ್ಪಂದನಳಿಗೆ ಅದುವರೆಗೆ ಗೊತ್ತಿರಲಿಲ್ಲ. ಪೈಪಿಗಾಗಿ ಕಾಯ್ತಿದ್ದೀನಿ ಅಷ್ಟೇ ಅಂತ ತನಗೆ ತಾನೇ ಹೇಳಿಕೊಂಡಳು. ಕನ್ನಡಿ ಮುಂದೆ ನಿಂತು ಹೇಳಿಕೊಂಡದ್ದರಿಂದ ಅವಳಿಗೇ ನಗು ಬಂತು.

ಪೈಪು ಬಂತು. ಆಮೇಲೆ ಬೋಲ್ಟು ಕೊಡಲು ಬಂದ. ಆಮೇಲೆ ಬಟ್ಟೆಯ ಅಳತೆ ಕೇಳಲು ಬಂದ. ಅಳತೆ ಬರೆದುಕೊಂಡ ಚೀಟಿ ಕಳೆದುಹೋಯಿತು ಅಂತ ಮತ್ತೂ ಬಂದ!

"ಮೇಷ್ಟ್ರಿಗೆ ಮರೆವು ಜಾಸ್ತಿ," ಎಂದಳು ಸ್ಪಂದನ.

"ಮಕ್ಕಳಿಗೆ ಹೇಳಬೇಡಿ," ಎಂದ ಅವನು.

ಒಂದು ಸಂಜೆ ಅವನು ಗೋಡೆಗೆ ಸಿಕ್ಕಿಸಿದ್ದ ಹಳೆಯ ಕುಡುಗೋಲು ಕೈಗೆತ್ತಿಕೊಂಡ. ಅದರ ಮೇಲೆ ಸಣ್ಣ ಎಲೆಯ ಗುರುತಿತ್ತು.

"ಅದು ತಾತನ ಗುರುತು," ಎಂದಳು ಅವಳು. "ಅವರು ಮಾಡಿದ್ದಕ್ಕೆಲ್ಲ ಎಲೆ ಹೊಡೀತಿದ್ರು. ಅಪ್ಪನದು ಚುಕ್ಕಿ."

"ನಿಮ್ಮದು?"

"ಗ್ರಿಲ್ಲಿಗೆ ಯಾರು ಗುರುತು ನೋಡ್ತಾರೆ? ಮನೆಯವರ ಹೆಸರು ಇರತ್ತೆ, ಬೆಸೆದವಳ ಹೆಸರು ಯಾಕೆ?" ಹಗುರವಾಗಿಯೇ ಹೇಳಿದಳು. ಆದರೆ ಕಣ್ಣು ತಾತನ ಎಲೆಯ ಮೇಲೇ ಇತ್ತು.

ಚೈತನ್ಯ ಆ ಎಲೆಯ ಮೇಲೆ ಬೆರಳಾಡಿಸುತ್ತ ನಿಂತಿದ್ದ.

ಇವನಿಗೆ ಇದು ಯಾಕೆ ಹೇಳಿದೆ ನಾನು? ಅಪ್ಪನಿಗೂ ಹೇಳಿರಲಿಲ್ಲ...

ಸಂಕ್ರಾಂತಿಗೆ ಮೊದಲು ಮೈಸೂರಿನ ಒಂದು ಹಾರಾಟದ ಕ್ಲಬ್ಬಿನಿಂದ ಫೋನು ಬಂತು. ಕ್ಯಾಪ್ಟನ್ ಹರ್ಷಿತ ಅನ್ನುವವರು ಪುಟ್ಟ ವಿಮಾನದಲ್ಲಿ ಬಂದು ಇಳಿದು ನೋಡುತ್ತಾರೆ. ಎಲ್ಲ ಸರಿಯಿದ್ದರೆ ಇನ್ನು ಮುಂದೆ ಪ್ರತಿ ಭಾನುವಾರ ಕಲಿಯುವವರನ್ನು ಕರೆತರುತ್ತಾರೆ. ಆಗ ಬಯಲು ಉಳಿಯುತ್ತದೆ. ಇಳಿಯದೆ ವಾಪಸ್ ಹೋದರೆ... ಜಲ್ಲಿಯೇ ಗತಿ!

"ಹಬ್ಬ ಕಳೆದ ಭಾನುವಾರವೇ ಬನ್ನಿ!" ಎಂದುಬಿಟ್ಟ ಚೈತನ್ಯ. ಕ್ಯಾಲೆಂಡರ್ ನೋಡಲೇ ಇಲ್ಲ.

ಅದು ಅಮಾವಾಸ್ಯೆ.

ಸ್ಪಂದನಳಿಗೆ ಗೊತ್ತಿತ್ತು. ಕಂಬ ಶನಿವಾರವೇ ನಿಲ್ಲುತ್ತದಲ್ಲ, ಭಾನುವಾರ ನೋಡುವುದಷ್ಟೇ ತಾನೇ, ಅಂತ ಸುಮ್ಮನಿದ್ದಳು. ಹೇಳಬೇಕಿತ್ತು. ಆದರೆ ಫೋನಿಟ್ಟ ಮೇಲೆ ಅವನ ಮುಖದಲ್ಲಿದ್ದ ಸಂತೋಷ ನೋಡಿ ಅಡ್ಡ ಮಾತಾಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಶನಿವಾರ ಮಧ್ಯಾಹ್ನ ಕಂಬ ಬಯಲಿನಲ್ಲಿ ಮಲಗಿತ್ತು. ಸ್ಪಂದನ ತುದಿಯ ಬಳೆಗೆ ಒಂದು ಬೆರಳು ತಾಗಿಸಿದಳು. ಬುಗುರಿಯ ಹಾಗೆ ಗಿರ್ರನೆ ತಿರುಗಿತು.

"ಸಂಜೆ ಎಲ್ಲರೂ ಸೇರಿ ಎತ್ತಿ ನಿಲ್ಲಿಸಿ. ನಾನು ಹೊರಡಬೇಕು, ನಾಳೆಗೆ ಮನೇಲಿ ಕೆಲಸ ಇದೆ," ಎಂದಳು. "ಕಂಬಕ್ಕೆ ಬಣ್ಣ ಹೊಡೀತೀರಲ್ಲ, ಬಳೆ ಹತ್ರ ಮಾತ್ರ ಹೋಗಬೇಡಿ."

"ಹೋಗಲ್ಲ," ಎಂದ ಚೈತನ್ಯ. ಅವಳು ಸ್ಕೂಟಿ ಹತ್ತುವಾಗ ಕೂಗಿದ. "ಸ್ಪಂದನಾ... ನಾಳೆ ವಿಮಾನ ಇಳಿದ ಮೇಲೆ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

"ಈಗ ಕೈಯೆಲ್ಲ ಬಣ್ಣ."

ಮಾತು ಹೇಳೋಕೆ ಕೈ ಯಾಕೆ ಬೇಕು? ದಾರಿಯುದ್ದಕ್ಕೂ ಅದೇ ಯೋಚನೆ. ಮನೆ ದಾಟಿ ಮುಂದೆ ಹೋಗಿದ್ದು ಅವಳಿಗೆ ಊರ ಬಾವಿ ಬಂದ ಮೇಲೆಯೇ ತಿಳಿಯಿತು!

ಭಾನುವಾರ ಬೆಳಗ್ಗೆ ಆಚಾರಿಯವರ ಮನೆಯಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಅಮಾವಾಸ್ಯೆಯ ದಿನ ಅವರು ಉಪಕರಣ ಮುಟ್ಟುವುದಿಲ್ಲ. ಕುಲುಮೆಗೆ ಬೆಂಕಿಯಿಲ್ಲ. ಸುತ್ತಿಗೆ, ಇಕ್ಕಳ, ಕಬ್ಬಿಣ ಬಡಿಯುವ ಅಡಿಗಲ್ಲು ಎಲ್ಲ ತೊಳೆದು ಕುಂಕುಮವಿಟ್ಟು, ತಾಯಿ ಕಾಳಿಕಾಂಬೆಗೆ ಪೂಜೆ. ವೆಲ್ಡಿಂಗ್ ಯಂತ್ರಕ್ಕೂ ಒಂದು ಮೊಳ ಚೆಂಡುಹೂವು ಸಿಕ್ಕಿತ್ತು.

ಶ್ರೀರಂಗಪಟ್ಟಣದಲ್ಲಿ ಚಿನ್ನದ ಕೆಲಸ ಮಾಡುವ ಚಿಕ್ಕಪ್ಪನ ಸಂಸಾರವೂ ಪೂಜೆಗೆ ಬಂದಿತ್ತು. ಚಿಕ್ಕಪ್ಪನ ಮಗ ರಘುನಂದನ್, ಸ್ಪಂದನಳಿಗೆ ಅಣ್ಣ, ಹೊಸ ಷರಟು ಹಾಕಿಕೊಂಡು ಜಗಲಿಯಲ್ಲಿ ಕಾಫಿ ಹೀರುತ್ತಿದ್ದ. ಸ್ಪಂದನ ಹಸಿರು ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ಅವನಿಗೆ ಚಕ್ಕುಲಿಯ ತಟ್ಟೆ ಕೊಡುತ್ತಿದ್ದಳು.

ಆಗ ಅಂಗಳಕ್ಕೆ ಬೈಕು ನುಗ್ಗಿತು.

"ಸ್ಪಂದನಾ! ಬಳೆ ತಿರುಗ್ತಾ ಇಲ್ಲ!" ಚೈತನ್ಯನಿಗೆ ಏದುಸಿರು. ಬೆರಳುಗಳಲ್ಲೆಲ್ಲ ಒಣಗಿದ ಕಿತ್ತಳೆ ಬಣ್ಣ. "ಎತ್ತುವಾಗ ಬಗ್ಗಿರಬೇಕು. ಗಾಳಿ ಒಂದು ಕಡೆ, ಚೀಲ ಒಂದು ಕಡೆ! ಅವರು ಇನ್ನೇನು ಹೊರಡ್ತಾರೆ. ಕತ್ತರಿಸಿ ಮತ್ತೆ ಬೆಸೆದು ಕೊಡಿ, ಬನ್ನಿ!"

"ಇವತ್ತು ಆಗಲ್ಲ ಮೇಷ್ಟ್ರೇ. ಇವತ್ತು ನಾವು..."

ಅವನ ಕಣ್ಣು ಅಷ್ಟರಲ್ಲಿ ರೇಷ್ಮೆ ಸೀರೆಯ ಮೇಲೆ ನಿಂತಿತು. ಹೂವಿನ ಮೇಲೆ. ಚಕ್ಕುಲಿಯ ತಟ್ಟೆಯ ಮೇಲೆ. ಜಗಲಿಯ ಹೊಸ ಷರಟಿನ ಮೇಲೆ!

ಅವನ ಮುಖ ಬಾಡಿಹೋಯಿತು.

"ಗೊತ್ತಾಯ್ತು ಬಿಡಿ," ಎಂದ. "ಮೊದಲೇ ಹೇಳಿದ್ದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋತಿದ್ದೆ. ಸುಮ್ಮನೆ ಆಸೆ ಇಟ್ಕೊಂಡೆ..."

"ಬೇರೆ ಯಾರನ್ನಾದ್ರೂ ಅಂದ್ರೆ?"

"ಒಳ್ಳೇದಾಗ್ಲಿ ನಿಮಗೆ."

ಬೈಕು ತಿರುಗಿತು. ಧೂಳು ಮಾತ್ರ ಉಳಿಯಿತು.

ಬೇರೆ ಯಾರನ್ನಾದ್ರೂ! ಹಾಗಾದ್ರೆ ನಾನು ಬರೀ ಬೆಸೆಯೋಳು! ಎಳ್ಳು ಬೆಲ್ಲ ತಿಂದು ವಾರ ಆಗಿಲ್ಲ, ಎಂಥ ಮಾತಾಡಿ ಹೋದ! ಯಾಕೆ ಆಗಲ್ಲ ಅಂತ ಕೇಳೋಕೂ ಪುರುಸೊತ್ತಿಲ್ವಾ ಇವನಿಗೆ?

ಒಳಗೆ ಓಡಿ ಕುಲುಮೆಯ ಮುಂದೆ ಕುಸಿದು ಕೂತಳು. ನಂದಾದೀಪ ಉರಿಯುತ್ತಿತ್ತು.

ಮೂಗಮ್ಮ ಕೋಲೂರಿಕೊಂಡು ಬಂದಳು. "ಅಳ್ತಿದ್ದೀಯಾ ಮಗಾ?"

"ಇಲ್ಲ. ಹೊಗೆ."

"ಕುಲುಮೇಗೆ ಬೆಂಕೀನೇ ಆಕಿಲ್ಲ, ಒಗೆ ಎಲ್ಲಿಂದ ಬತ್ತು?" ಅಜ್ಜಿ ಪಕ್ಕದಲ್ಲಿ ಕೂತಳು. "ನಿಂಗೆ ಆ ಉಡ್ಗ ಬೇಕಾ?"

ಸ್ಪಂದನ ಹೌದು ಅಂತ ತಲೆ ಮಾತ್ರ ಆಡಿಸಿದಳು. ಮೊದಲ ಸಲ ಒಬ್ಬರ ಮುಂದೆ ಒಪ್ಪಿಕೊಂಡಿದ್ದಳು!

"ಅಂಗಾದ್ರೆ ಕುಂತ್ಕಂಡು ಅತ್ರೆ ಬಂದಾನಾ?"

"ಅಜ್ಜಿ, ಇವತ್ತು ಅಮಾವಾಸ್ಯೆ. ಸುತ್ತಿಗೆ ಮುಟ್ಟಲ್ಲ ನಾನು. ಅವನಿಗೋಸ್ಕರಾನೂ ಮುಟ್ಟಲ್ಲ."

"ಮುಟ್ಟು ಅಂತ ನಾನೆಲ್ಲಂದೆ?"

ಸ್ಪಂದನ ಕಣ್ಣೊರೆಸಿಕೊಂಡಳು. ನಿನ್ನೆ ಬುಗುರಿ ಹಾಗೆ ತಿರುಗಿದ ಬಳೆ... ಬಗ್ಗೋಕೆ ಅದೇನು ತಗಡಾ? ಎಷ್ಟು ಹದವಾಗಿ ಮಾಡಿದ್ದೆ. ಹಾಗಾದ್ರೆ ಯಾಕೆ ನಿಂತಿತು?

ಅವನ ಬೆರಳುಗಳು ಕಣ್ಣ ಮುಂದೆ ಬಂದವು. ಕಿತ್ತಳೆ ಬಣ್ಣ...

"ಅಯ್ಯೋ! ಬಣ್ಣ ಒಳಗೆ ಇಳಿದಿದೆ!"

ಬಣ್ಣ ಬಿಡಿಸಲು ಸುತ್ತಿಗೆ ಯಾಕೆ? ದೀಪದ ಪಕ್ಕದ ಹರಳೆಣ್ಣೆಯ ಕುಡಿಕೆ ತೆಗೆದುಕೊಂಡಳು. ಒಡೆದ ತೆಂಗಿನಕಾಯಿಯ ನಾರು ಕಿತ್ತುಕೊಂಡಳು. ರೇಷ್ಮೆ ಸೀರೆಯಲ್ಲೇ ಸ್ಕೂಟಿ ಹತ್ತಿದಳು!

ವಿಮಾನ ನೋಡಲು ಜನ ಸೇರಿದ್ದ ಬಯಲಿನಲ್ಲಿ ಚೈತನ್ಯ ಕಂಬದ ಬುಡದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಆಚಾರಿ ಮಗ್ಳು ಎಲ್ಲಿ?" ದ್ಯಾವಯ್ಯ ಕೇಳಿದ.

"ಬರಲ್ಲ ದ್ಯಾವಯ್ಯ. ಅವಳನ್ನ ನೋಡೋಕೆ ಗಂಡಿನ ಕಡೆಯವರು ಬಂದಿದ್ದಾರೆ."

ದ್ಯಾವಯ್ಯ ಕೋಲಿನಿಂದ ಅವನ ಬೂಟಿಗೆ ಮೆಲ್ಲಗೆ ತಿವಿದ.

"ಅಲ್ಲ ಕಣ್ಲಾ... ಅಮಾಸೆ ದಿವ್ಸ ಯಾವನ್ಲಾ ಎಣ್ಣು ನೋಡಕ್ಕೆ ಬತ್ತಾನೆ?"

ಚೈತನ್ಯ ತಲೆಯೆತ್ತಿದ. "ಇವತ್ತು... ಅಮಾವಾಸ್ಯೆನಾ?"

"ಊರಿಗೆಲ್ಲಾ ಅಮಾಸೆ, ಮೇಷ್ಟ್ರಿಗೆ ಬರೀ ಭಾನುವಾರ! ಪೂಜೆ ಕಣ್ಲಾ ಅದು. ನಿಮ್ಮನೇಲಿ ಸ್ವಾಮಾರ ಎತ್ತು ಕಟ್ಟೀರಾ?"

"ಇಲ್ಲ..."

"ಅಂಗೇ ಅವರ್ಗೆ ಅಮಾಸೆ. ಸುತ್ತಿಗೆ ಮುಟ್ಟಾಕಿಲ್ಲ. ಇಷ್ಟು ಗೊತ್ತಾಗ್ನಿಲ್ವಾ ನಿಂಗೆ? ಏನಂದು ಬಂದೆ ಆ ಎಣ್ಮಗೀಗೆ?"

ಏನಂದೆ? ಒಳ್ಳೇದಾಗ್ಲಿ ಅಂದೆ... ಬೇರೆ ಯಾರನ್ನಾದ್ರೂ ಅಂದೆ! ಚೈತನ್ಯನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬೈಕಿನ ಕಡೆಗೆ ಓಡಿದ. ಹತ್ತುವಷ್ಟರಲ್ಲಿ ಎದುರಿಗೆ ಸ್ಕೂಟಿ ಬಂದು ನಿಂತಿತು.

ಹಸಿರು ರೇಷ್ಮೆ. ಕೆಂಪಾದ ಕಣ್ಣು. ಕೈಯಲ್ಲಿ ಎಣ್ಣೆಯ ಕುಡಿಕೆ.

"ಸ್ಪಂದನಾ, ನಾನು..."

"ಮಾತು ಆಮೇಲೆ. ಪುಟ್ಟರಾಜಣ್ಣ, ಬುಡದ ಬೋಲ್ಟು ಬಿಚ್ಚಿ ಕಂಬ ಮಲಗಿಸಣ್ಣ. ನಾನು ಸ್ಪ್ಯಾನರು ಮುಟ್ಟಲ್ಲ. ಮೇಷ್ಟ್ರೇ, ಬಣ್ಣಕ್ಕೆ ಬೆರೆಸಿದ ಥಿನ್ನರು ಉಳಿದಿದ್ಯಾ? ತನ್ನಿ."

ಅವಳ ದನಿಯಲ್ಲಿ ಸಿಟ್ಟಿತ್ತು. ಆದರೂ ಬಂದಿದ್ದಳು. ಅವನಿಗೆ ಅಷ್ಟೇ ಸಾಕಾಗಿತ್ತು.

ಕಂಬ ಮೆಲ್ಲಗೆ ಮಲಗಿತು. ಸ್ಪಂದನ ತುದಿಯ ಹತ್ತಿರ ಮಂಡಿಯೂರಿ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು.

ಬಳೆಗೆ ಅಂಟಿಕೊಂಡ ಪುಟ್ಟ ತಗಡಿನ ಮೇಲೆ ಕಿತ್ತಳೆ ಬಣ್ಣದಲ್ಲಿ ಒಂದು ಹೆಸರಿತ್ತು.

ಸ್ಪಂದನ.

ಅದರ ಪಕ್ಕದಲ್ಲಿ ಸಣ್ಣದೊಂದು ಎಲೆ. ತಾತನ ಎಲೆಯ ಹಾಗೇ. ಬರೆದವನ ಕೈ ಭಾರವಾಗಿ, ಬಣ್ಣ ಹನಿಹನಿಯಾಗಿ ಬಳೆಯ ಸಂದಿಗೆ ಇಳಿದು ಹೆಪ್ಪುಗಟ್ಟಿತ್ತು.

"ಇದು..."

"ಬೆಸೆದವಳ ಹೆಸರು ಯಾಕೆ ಅಂದಿದ್ರಲ್ಲ," ಎಂದ ಚೈತನ್ಯ. "ಕಂಬ ಎತ್ತಿದ ಮೇಲೆ ಯಾರಿಗೂ ಕಾಣಲ್ಲ. ಆದ್ರೂ ಇರಲಿ ಅನ್ನಿಸ್ತು. ಇವತ್ತು ನಿಮಗೆ ಹೇಳಬೇಕು ಅಂದ್ಕೊಂಡಿದ್ದು ಇದೇ. ಬಳೆ ಹತ್ರ ಹೋಗಬೇಡಿ ಅಂದಿದ್ರಿ... ಹೆಸರು ಬರೆದದ್ದೇ ತಪ್ಪಾಯ್ತು. ಉಜ್ಜಿ ಅಳಿಸಿಬಿಡಿ."

ಸ್ಪಂದನಳ ಕಣ್ಣು ತುಂಬಿತು. ಈ ಸಲ ಹೊಗೆ ಅಂತ ಸುಳ್ಳು ಹೇಳಲಿಲ್ಲ.

"ಹೆಸರು ಯಾಕೆ ಅಳಿಸಲಿ? ಸಂದಿ ಮಾತ್ರ ಬಿಡಿಸ್ತೀನಿ."

ನಾರನ್ನು ಥಿನ್ನರಿನಲ್ಲಿ ಅದ್ದಿ ಉಜ್ಜತೊಡಗಿದಳು. ಚಳಿಯ ಇಬ್ಬನಿಗೆ ಬಣ್ಣ ಒಳಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಎಳೆಎಳೆಯಾಗಿ ಕಿತ್ತು ಬಂತು. ಉಗುರು ಕಿತ್ತಳೆಯಾಯಿತು, ಸೀರೆಯ ಅಂಚೂ ಕಿತ್ತಳೆಯಾಯಿತು. ಹೆಸರಿಗೆ ಒಂದು ಗೀರೂ ಬೀಳದಂತೆ ಉಜ್ಜಿದಳು.

"ಎಡಕ್ಕೆ ತಿರುಗ್ಸು. ಎಡಕ್ಕೆ!"

ಎಲ್ಲರೂ ಹಿಂತಿರುಗಿ ನೋಡಿದರು. ರಾಮಚಂದ್ರಾಚಾರಿ! ರಘುನಂದನ್‌ನ ಬೈಕಿನ ಹಿಂದೆ ಕೂತು ಬಂದಿದ್ದರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಅಪ್ಪಾ... ಅಮಾವಾಸ್ಯೆ..."

"ಕೈಗೆ ಅಮಾಸೆ. ಬಾಯಿಗಿಲ್ಲ," ಎಂದರು. "ಎಣ್ಣೆ ಬುಡು. ಒಬ್ಳೇ ಇಡಿದ್ರೆ ಆಗದಿಲ್ಲ ಅದು. ಏನ್ ಮೇಷ್ಟ್ರೇ, ನೋಡ್ತಾ ನಿಂತಿದ್ದೀರಾ? ನಿಮ್ಗೂ ಅಮಾಸೆನಾ?"

ಚೈತನ್ಯ ಧಡಕ್ಕನೆ ಎದುರಿಗೆ ಕೂತ. ಹುರುಳಿ ಆರಿಸಲು ಕೂತಿದ್ದಂತೆಯೇ. ಸ್ಪಂದನ ಎಣ್ಣೆ ಹೊಯ್ದಳು. ಬಳೆಯ ಒಂದು ಕಡೆ ಅವಳು, ಇನ್ನೊಂದು ಕಡೆ ಅವನು ಹಿಡಿದರು. ಬಿಗಿಯಿತ್ತು. ಮತ್ತೊಮ್ಮೆ. ಅವನ ಕೈ ಜಾರಿ ಅವಳ ಕೈ ಮೇಲೆ ಬಂತು. ಅವಳು ತನ್ನ ಕೈ ಹಿಂತೆಗೆಯಲಿಲ್ಲ.

ಕಿರ್... ಎಂದಿತು ಬಳೆ. ಆಮೇಲೆ ಗಿರ್ರನೆ ತಿರುಗಿತು!

ಪುಟ್ಟರಾಜು ಶಿಳ್ಳೆ ಹೊಡೆದ. ಎಲ್ಲರೂ ಹಗ್ಗ ಹಿಡಿದು ಎಳೆದರು. ಕಂಬ ಎದ್ದು ನಿಂತಿತು. ಚೀಲಕ್ಕೆ ಗಾಳಿ ತುಂಬಿ, ಮೇಲುಕೋಟೆಯ ಕಡೆಗೆ ಮುಖಮಾಡಿ ಉಬ್ಬಿ ನಿಂತಿತು.

ಅಷ್ಟರಲ್ಲಿ ಮೈಸೂರಿನ ದಿಕ್ಕಿನಿಂದ ಒಂದು ಸಣ್ಣ ಸದ್ದು...

"ಬಂತು! ಇಮಾನ ಬಂತು!" ದ್ಯಾವಯ್ಯನ ದನಿ ಬಿರಿಯಿತು. ರನ್‌ವೇ ಮೇಲೆ ಮೇಯುತ್ತಿದ್ದ ಮೇಕೆಗಳ ಕಡೆಗೆ ಕೋಲೆತ್ತಿ ಓಡಿದ. "ಏಯ್, ನಡೀರೆ ಅತ್ಲಾಗೆ! ಇಮಾನ ಇಳೀಬೇಕು! ನಡೀರೆ!" ಓಡುತ್ತಲೇ ಅಳುತ್ತಿದ್ದ. ಎಷ್ಟು ಕಾಲದ ಮೇಲೆ ಸಿಕ್ಕಿದ ಕೆಲಸ!

ಬಿಳಿಯ ಪುಟ್ಟ ವಿಮಾನ ಬಯಲಿನ ಮೇಲೆ ಒಂದು ಸುತ್ತು ಹಾಕಿತು. ಸ್ಪಂದನ ಉಸಿರು ಬಿಗಿ ಹಿಡಿದಳು. ವಾಪಸ್ ಹೋಗಿಬಿಟ್ಟರೆ? ಗಾಳಿಚೀಲ ಒಮ್ಮೆ ಅಲುಗಿ ಮತ್ತೆ ಸರಿಯಾಗಿ ನಿಂತಿತು. ವಿಮಾನ ಆಚೆ ತುದಿಗೆ ಹೋಗಿ ತಿರುಗಿತು. ತಗ್ಗಿತು. ಇನ್ನೂ ತಗ್ಗಿತು.

ಚಕ್ರ ನೆಲಕ್ಕೆ ತಾಗಿ ಧೂಳೆದ್ದಿತು. ಬಯಲಿಗೆ ಬಯಲೇ ಕೂಗಿತು!

ಕ್ಯಾಪ್ಟನ್ ಹರ್ಷಿತ ಇಳಿದವರೇ ಕಣ್ಣಿಗೆ ಕೈಯಡ್ಡ ಹಿಡಿದು ಕಂಬ ನೋಡಿದರು. "ಗಾಳಿಚೀಲ ಎಷ್ಟು ಹಗುರವಾಗಿ ತಿರುಗತ್ತೆ! ಯಾರು ಮಾಡಿದ್ದು?"

"ನನ್ ಮಗ್ಳು," ಎಂದರು ರಾಮಚಂದ್ರಾಚಾರಿ, ಬೇರೆ ಯಾರೂ ಬಾಯಿ ಬಿಡುವ ಮೊದಲೇ.

"ಮುಂದಿನ ಭಾನುವಾರದಿಂದ ನಮ್ಮ ಹುಡುಗರನ್ನ ಕರ್ಕೊಂಡು ಬರ್ತೀನಿ. ಈ ಜಾಗ ಬಿಡಬೇಡಿ."

ಜನ ವಿಮಾನದ ಸುತ್ತ ಮುತ್ತಿಕೊಂಡರು. ಕಂಬದ ಕೆಳಗೆ ಉಳಿದವರು ಇಬ್ಬರೇ. ಇಲ್ಲ, ಮೂವರು. ರಾಮಚಂದ್ರಾಚಾರಿ ಇನ್ನೂ ಅಲ್ಲೇ ನಿಂತಿದ್ದರು, ಬಳೆ ನೋಡುವವರ ಹಾಗೆ ಮೇಲೆ ನೋಡುತ್ತ.

"ನಿಮ್ಮನೆ ನೇಗಿಲ ಗುಳ ತಟ್ಟಿದೋನು ನಮ್ಮಪ್ಪ," ಎಂದರು ಯಾರನ್ನೂ ನೋಡದೆ. "ನಿಮ್ಮವ್ವ ಸಿದ್ದಲಿಂಗಮ್ಮ ನಂಗೂ ಗೊತ್ತು. ಅಮಾಸೆ ಕಳೀಲಿ. ಆಮ್ಯಾಕೆ ಅವ್ರುನ್ನ ಕರ್ಕಂಡು ಬಾ." ಅಷ್ಟು ಹೇಳಿ ಕೈಕಟ್ಟಿಕೊಂಡೇ ವಿಮಾನ ನೋಡಲು ಹೊರಟುಹೋದರು.

ಚೈತನ್ಯ ಅವಳ ಕಡೆಗೆ ತಿರುಗಿದ.

"ಕ್ಷಮಿಸು ಸ್ಪಂದನಾ," ಎಂದ. "ನೀನು ಬೇರೆಯವರ ಮನೆ ಸೇರ್ತೀಯ ಅನ್ನಿಸಿದ ಕೂಡಲೇ ನನಗೆ ವಿಮಾನನೂ ಬೇಡ, ಬಯಲೂ ಬೇಡ ಅನ್ನಿಸಿಬಿಡ್ತು. ಕೇಳೋಕೂ ತೋಚಲಿಲ್ಲ. ನನಗೆ ನೀನು ಬೇಕು."

ಮೊದಲ ಸಲ 'ನೀನು' ಅಂದಿದ್ದ. ಸ್ಪಂದನಳ ಎದೆ ತುಂಬಿ ಬಂತು.

"ಹೊಸ ಷರಟು ಹಾಕ್ಕೊಂಡಿದ್ದೋನು ನಮ್ಮ ಚಿಕ್ಕಪ್ಪನ ಮಗ. ನನ್ನ ಅಣ್ಣ."

"ಅಯ್ಯೋ..."

"ಚಕ್ಕುಲಿ ಅರ್ಧಕ್ಕೇ ಬಿಟ್ಟು ಅಪ್ಪನ್ನ ಕರ್ಕೊಂಡು ಬಂದಿದ್ದಾನೆ. ಮೊದಲು ಅವನ ಹತ್ರ ಕ್ಷಮೆ ಕೇಳಿ."

"ಕೇಳ್ತೀನಿ. ಮತ್ತೆ ನನ್ನ ಮಾತಿಗೆ?"

ಅವಳು ತನ್ನ ಕಿತ್ತಳೆ ಬೆರಳನ್ನು ಅವನ ಕಿತ್ತಳೆ ಬೆರಳಿನ ಪಕ್ಕ ಇಟ್ಟು ನೋಡಿದಳು. ಒಂದೇ ಡಬ್ಬಿಯ ಬಣ್ಣ.

"ನನ್ನ ಹೆಸರು ಅಷ್ಟು ಮೇಲೆ ಬರೆದಿದ್ದೀರಿ. ಇನ್ನು ನಾನು ಎಲ್ಲಿಗೆ ಹೋಗ್ಲಿ?"

ಅವನ ಮುಖದಲ್ಲಿ ನಗು ಅರಳಿತು. "ಹಾಗಾದ್ರೆ ಅಮ್ಮನ್ನ ನಾಳೆನೇ ಕರ್ಕೊಂಡು ಬರ್ಲಾ?"

"ನಾಳೆ ಸೋಮವಾರ!"

"ಸೋಮವಾರ ಬಿಡುವು ಎತ್ತಿಗೆ. ನನಗಲ್ಲ."

ಸ್ಪಂದನ ನಕ್ಕಳು. ತಲೆಯ ಮೇಲೆ ಗಾಳಿಚೀಲ ಸದ್ದಿಲ್ಲದೆ ತಿರುಗಿತು.

"ಬನ್ನಿ," ಎಂದಳು ಮೆಲ್ಲಗೆ. "ಆದ್ರೆ ಒಂದು ಮಾತು. ಮದುವೆಗೆ ದಿನ ಇಡೋವಾಗ ನೀವು ಬಾಯಿ ಬಿಡಬೇಡಿ. ಕ್ಯಾಲೆಂಡರ್ ನಾನು ನೋಡ್ತೀನಿ!"